ಚಿಟಿಕೆ ಭಂಡಾರಕ್ಕೆ ನಲವತ್ತೊಂದು ಸಾವಿರ

ಒಂದು ಚಿಟಿಕೆ ಭಂಡಾರಕ್ಕೆ ನಾನು ಕೊಟ್ಟದ್ದು ನಲವತ್ತೊಂದು ಸಾವಿರ ರೂಪಾಯಿ. ಎಲ್ಲಮ್ಮನ ಗುಡ್ಡದ ಅಂಗಡಿಗಳಲ್ಲಿ ಅದೇ ಅರಿಶಿನ ಪುಡಿ ಹತ್ತು ರೂಪಾಯಿಗೆ ಒಂದು ಪೊಟ್ಟಣ ಸಿಗುತ್ತದೆ. ನನಗೆ ಮಾತ್ರ ಅಷ್ಟು ತುಟ್ಟಿಯಾದದ್ದಕ್ಕೆ ಕಾರಣ, ಅದನ್ನು ಹಣೆಗೆ ಹಚ್ಚಿಕೊಂಡವನು ಮುಂದೆ ಒಂದು ಮಾತು ಕೇಳದೆ ಸುಮ್ಮನಾದದ್ದು.

ಬೈಲಹೊಂಗಲದಲ್ಲಿ ಮೂವತ್ತೆಂಟು ವರ್ಷ ಗ್ಯಾರೇಜು ನಡೆಸಿದೆ. ಹಳೆ ಗಾಡಿ ನೋಡಿ ಕೊಡಿಸಬೇಕೆಂದರೆ ಕಿತ್ತೂರು, ಸವದತ್ತಿ, ರಾಮದುರ್ಗದಿಂದಲೂ ಜನ ನನ್ನನ್ನೇ ಕರೆದೊಯ್ಯುತ್ತಿದ್ದರು. ಈಗ ಗ್ಯಾರೇಜಿನ ಷಟರು ಬಾಡಿಗೆಗೆ ಕೊಟ್ಟು ಮನೆಯಲ್ಲಿದ್ದೇನೆ. ಈ ಕಸುಬಿಗೆ ಹೊಸದಾಗಿ ಇಳಿಯುವವರು ಬಂದು, ‘ಹಳೇ ಗಾಡಿ ರಿಪೇರಿ ಚಲೋನೋ, ಹೊಸಾದ ಚಲೋನೋ’ ಎಂದು ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಹೇಳುವವನು ಗಾಡಿ ಮಾರುವವನಿರಬೇಕು. ನಾನು ಮಾರುವುದನ್ನು ಬಿಟ್ಟಿದ್ದೇನೆ, ಹಾಗಾಗಿ ಉದ್ದಕ್ಕೇ ಹೇಳುತ್ತೇನೆ.

ಕಸುಬು ಕಲಿತದ್ದು ಸವದತ್ತಿಯಲ್ಲಿ, ಇಮಾಮಸಾಬ ಎಂಬ ಉಸ್ತಾದರ ಕೈಕೆಳಗೆ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಬಡಿಯುತ್ತಿದೆ, ಎಲ್ಲ ಅವರಿಗೆ ಹಾಗೆಯೇ ತಿಳಿಯುತ್ತಿತ್ತು. ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸುತ್ತಿದ್ದರು. ರೇಗಿಸಲು ನಾನೊಮ್ಮೆ ‘ಉಸ್ತಾದ, ನೆಕ್ಕೂದೊಂದು ಉಳೀತ ನೋಡ್ರಿ’ ಎಂದಿದ್ದಕ್ಕೆ, ‘ನಿನ್ನ ಪಗಾರ ಉಳಸಾಕ ಅದನ್ನೂ ಮಾಡತೇನಿ, ಪಾನಾ ಹಿಡಿ’ ಎಂದು ಸ್ಪ್ಯಾನರನ್ನು ಕೈಗೆ ತುರುಕಿದ್ದರು.

ಅವರ ಹತ್ತಿರ ಒಮ್ಮೆ ಸಿರಸಂಗಿ ಕಡೆಯ ಗೌಡರೊಬ್ಬರು ಕಾರು ತಂದರು. ಏರು ಬಂದರೆ ಕಾರು ಎಳೆಯುತ್ತಿರಲಿಲ್ಲ, ಹೊಗೆ ಕಾರುತ್ತಿತ್ತು. ಎಂಜಿನ್ ಹೋಗಿದೆ ಎಂದು ಬೆಳಗಾವಿಯಲ್ಲಿ ಯಾರೋ ಹೇಳಿದ್ದರಂತೆ. ಗೌಡರು ಆಗಲೇ ಹೊಸ ಕಾರಿನ ಬಣ್ಣವನ್ನೂ ಆರಿಸಿಟ್ಟು ಬಂದಿದ್ದರು. ಹಳೆಯದಕ್ಕೆ ಎಷ್ಟು ಬರುತ್ತದೆ ಎಂದು ಕೇಳುವುದಷ್ಟೇ ಅವರ ಕೆಲಸ. ಉಸ್ತಾದರು ಬೆಲೆ ಹೇಳಲಿಲ್ಲ. ಬಾನೆಟ್ ಎತ್ತಿ ಗಾಳಿ ಸೋಸುವ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಎರಡು ಸೇರಿನಷ್ಟು ಶೇಂಗಾ! ಗೌಡರು ಒಕ್ಕಲು ಮಾಡುವಾಗ ಕಣದ ಪಕ್ಕದಲ್ಲೇ ಕಾರು ನಿಲ್ಲಿಸಿದ್ದರು, ಇಲಿಯೊಂದು ಅದನ್ನು ತನ್ನ ಕಣಜ ಮಾಡಿಕೊಂಡಿತ್ತು.

‘ಗೌಡ್ರ, ಹೊಸಾ ಗಾಡಿ ಆಮ್ಯಾಲ ತಗೊಳ್ರಿ, ಮೊದಲ ನಿಮ್ಮ ಶೇಂಗಾ ತಗೊಳ್ರಿ’ ಎಂದರು ಉಸ್ತಾದರು. ಗೌಡರು ನಾಚಿ ಕೂಲಿ ಎಷ್ಟು ಎಂದರು. ‘ಇಲಿ ಕೊಟ್ಟೈತ್ರಿ’ ಎಂದು ಉಸ್ತಾದರು ಶೇಂಗಾ ಇಟ್ಟುಕೊಂಡರು. ಆ ಕಾರು ಇನ್ನೂ ಒಂಬತ್ತು ವರ್ಷ ಓಡಿತು. ನನಗೆ ಅವತ್ತು ಹತ್ತಿದ ಚಟ ಇಂದಿಗೂ ಬಿಟ್ಟಿಲ್ಲ: ಗಾಡಿ ಕೆಟ್ಟಿದೆ ಎಂದರೆ, ಒಳಗೆ ಏನಿದ್ದೀತು ಎಂದು ನೋಡುವವರೆಗೆ ಅನ್ನ ಸೇರುವುದಿಲ್ಲ.

ಹಾಗೆಂದು ಎಲ್ಲರಿಗೂ ಹಳೆಯದನ್ನೇ ಕಟ್ಟಿದವನಲ್ಲ ನಾನು. ದಿನಕ್ಕೆ ಇನ್ನೂರು ಕಿಲೋಮೀಟರು ಓಡುವ ಔಷಧ ಕಂಪನಿಯವರೊಬ್ಬರಿಗೆ ‘ಸುಮ್ಮ ಹೊಸಾದ ತಗೊಳ್ರಿ, ನಿಮಗ ನನ್ನ ಗ್ಯಾರೇಜಿನ್ಯಾಗ ಕುಂತು ಚಾ ಕುಡಿಯಾಕ ಪುರಸೊತ್ತಿಲ್ಲ’ ಎಂದು ಹೇಳಿ ಕಳಿಸಿದ್ದೇನೆ. ದಿನಕ್ಕೆ ಎಷ್ಟು ಓಟ, ಏನು ಭಾರ, ದಾರಿಯಲ್ಲಿ ನಿಂತರೆ ಏನು ಹಾಳಾಗುತ್ತದೆ, ಈ ಮೂರನ್ನು ಕೇಳದೆ ನಾನು ಯಾರಿಗೂ ಸಲಹೆ ಕೊಟ್ಟವನಲ್ಲ.

ನೀಲವ್ವನಿಗೂ ಅದನ್ನೇ ಕೇಳಿದ್ದೆ.

ನೀಲವ್ವ ನಮ್ಮ ಓಣಿಯವಳು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮಾರಲು ಶುರುಮಾಡಿದವಳು, ಈಗ ಏಳು ಜನ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದಾಳೆ. ಕಿತ್ತೂರಿನ ಹೆದ್ದಾರಿ ಪಕ್ಕದ ದೊಡ್ಡ ಖಾನಾವಳಿಯೊಂದು ಅವಳಿಗೆ ದಿನಕ್ಕೆ ಆರುನೂರು ರೊಟ್ಟಿಯ ಆರ್ಡರ್ ಕೊಟ್ಟಿತು. ಕೆಲವು ದಿನ ಮೆದು ರೊಟ್ಟಿ, ಕೆಲವು ದಿನ ಕಟಕ್ ರೊಟ್ಟಿ. ಯಾವುದೇ ಆದರೂ ಹನ್ನೊಂದರೊಳಗೆ ಮುಟ್ಟಬೇಕು. ಬಸ್ಸಿನಲ್ಲಿ ಬುಟ್ಟಿ ಹೊತ್ತು ಸಾಕಾಗಿತ್ತು. ವ್ಯಾನ್ ಓಡಿಸುವುದನ್ನೂ ಅವಳೇ ಕಲಿತಿದ್ದಳು. ಕೈಯಲ್ಲಿ ಮೂರು ಲಕ್ಷ ಕೂಡಿಟ್ಟಿದ್ದಳು. ಹೊಸ ವ್ಯಾನು ರಸ್ತೆಗಿಳಿಯುವ ಹೊತ್ತಿಗೆ ಆರು ಲಕ್ಷ ದಾಟುತ್ತಿತ್ತು. ಉಳಿದದ್ದಕ್ಕೆ ಕಂತು ಕಟ್ಟಬೇಕು.

‘ದಿನಕ್ಕ ನಲವತ್ತೈವತ್ತು ಕಿಲೋಮೀಟರ್ ಓಟಕ್ಕ ಆರು ಲಕ್ಷದ್ದು ಏನ ಮಾಡತಿ ತಂಗಿ? ಹಳೇದೊಂದು ನೋಡಿ ಸಜ್ಜ ಮಾಡಿ ಕೊಡತೇನಿ. ಉಳದ ರೊಕ್ಕದಾಗ ಹಿಟ್ಟು ನಾದೂ ಮಶೀನ್ ತಗೊ’ ಎಂದೆ.

‘ದಾರ್‍ಯಾಗ ನಿಂತ್ರ?’ ಎಂದಳು.

‘ನಿಂತ್ರ ನಾ ಅದೇನಿ.’

ಈ ಮಾತನ್ನು ನೆನಪಿಟ್ಟುಕೊಳ್ಳಿ. ಆಡುವಾಗ ಎಷ್ಟು ಹಗುರವಾಗಿತ್ತೆಂದರೆ, ನಾನೇ ಅದನ್ನು ಮರೆತುಬಿಟ್ಟೆ.

ರಾಮದುರ್ಗದಲ್ಲಿ ಸೀರೆ ವ್ಯಾಪಾರಿಯೊಬ್ಬರು ಸಂತೆಗೆ ಗಂಟು ಒಯ್ಯುತ್ತಿದ್ದ ಬಿಳಿ ವ್ಯಾನು ಮಾರಾಟಕ್ಕಿದೆ ಎಂದು ತಿಳಿಯಿತು. ಮಲ್ಲೇಶಪ್ಪ ಅಂತ, ಮೆತ್ತಗೆ ಮಾತಾಡುವ ಹಿರಿಯರು. ನಾನು, ನೀಲವ್ವ ಬೆಳಗಿನ ಬಸ್ಸಿಗೆ ಹೋದೆವು. ಎಂಜಿನ್ನಿಗೆ ಸ್ಕ್ರೂಡ್ರೈವರ್ ಇಟ್ಟು ಕೇಳಿದೆ, ಸದ್ದು ಚೊಕ್ಕಟವಾಗಿತ್ತು. ಓಡಿಸಿದೆ, ಎಳೆತ ಚೆನ್ನಾಗಿತ್ತು. ಕ್ಲಚ್ಚು, ಬ್ರೇಕು, ಟೈರು ಸವೆದಿದ್ದವು, ಅದು ಚೌಕಾಸಿಗೆ ಒಳ್ಳೆಯದೇ. ಕೊನೆಗೆ ಡ್ರೈವರ್ ಕಾಲ ಕೆಳಗಿನ ಮ್ಯಾಟಿನ ಅಂಚು ಎತ್ತಿದೆ. ತಳದ ತುಂಬ ಹಳದಿ ಪುಡಿ.

‘ಏನ್ರಿ ಇದು?’ ಎಂದೆ.

‘ಭಂಡಾರ್‍ರಿ. ಗುಡ್ಡಕ್ಕ ಒಯ್ದಿದ್ವಿ ಗಾಡಿ’ ಎಂದರು ಮಲ್ಲೇಶಪ್ಪ.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಡಿ ತೆಗೆದುಕೊಂಡರೆ ಎಲ್ಲಮ್ಮನ ಗುಡ್ಡಕ್ಕೆ ಒಯ್ಯುತ್ತೇವೆ, ಭಂಡಾರ ಹಾರಿಸುತ್ತೇವೆ, ಅದು ಸಂದಿಗೊಂದಿಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನನ್ನ ಕೈ ತಾನಾಗಿ ಕೆಳಗೆ ಹೋಯಿತು. ‘ಉಧೋ ಉಧೋ’ ಎನ್ನುತ್ತ ಒಂದು ಚಿಟಿಕೆ ಹಣೆಗಿಟ್ಟುಕೊಂಡು, ನೀಲವ್ವನ ಹಣೆಗೂ ಹಚ್ಚಿ, ಮ್ಯಾಟನ್ನು ಮೊದಲಿನಂತೆ ಹಾಸಿಬಿಟ್ಟೆ. ಬೇರೆ ಯಾವ ಪುಡಿ ಕಂಡಿದ್ದರೂ ಪೂರ್ತಿ ಕಿತ್ತು ನೋಡುತ್ತಿದ್ದೆ. ಇದು ಅಮ್ಮನದು, ಮೇಲೆ ಕಾಲಿಟ್ಟು ಕೆದರುವುದು ಹೇಗೆ?

ಅಷ್ಟಕ್ಕೇ ಬಿಟ್ಟೆನೇ? ಚೌಕಾಸಿಯ ಬಾಯಿ ಸುಮ್ಮನಿರುತ್ತದೆಯೇ? ಒಂದು ಲಕ್ಷ ತೊಂಬತ್ತು ಸಾವಿರಕ್ಕೆ ಶುರುವಾದದ್ದನ್ನು ಒಂದು ಅರವತ್ತನಾಲ್ಕಕ್ಕೆ ತಂದು ನಿಲ್ಲಿಸಿದ್ದೆ. ಅವರು ಅಲ್ಲಿಂದ ಅಲುಗಲಿಲ್ಲ.

‘ಯಜಮಾನ್ರ, ಎಲ್ಲಮ್ಮನ ಗಾಡಿ ಐತಿ. ಕೈಯಾಗ ದುಡದ ತಿನ್ನೂ ಹೆಣ್ಣಮಗಳಿಗೆ ಕೊಡಾಕತ್ತೀರಿ. ಅಮ್ಮನ ಹೆಸರಲೆ ಎರಡು ಸಾವಿರ ಬಿಡ್ರಿ’ ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು, ಏನೋ ಹೇಳಲು ಬಂದವರಂತೆ. ಆಮೇಲೆ ‘ಆತು, ತಗೊಳ್ರಿ’ ಎಂದರು. ಭಂಡಾರದಿಂದ ಎರಡು ಸಾವಿರ ಉಳಿಸಿದೆ ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನೀಲವ್ವನ ಮುಂದೆ ಹೇಳಿಕೊಂಡು ಗಿರಮಿಟ್ ತಿಂದದ್ದೂ ನೆನಪಿದೆ.

ಕ್ಲಚ್ಚು, ಬ್ರೇಕು, ನಾಲ್ಕು ಟೈರಿಗೆ ಇಪ್ಪತ್ತೆಂಟು ಸಾವಿರ ಹಿಡಿಯಿತು. ಒಟ್ಟು ಒಂದು ತೊಂಬತ್ತರಲ್ಲಿ ವ್ಯಾನು ಸಜ್ಜಾಗಿ ನಿಂತಿತು. ನೀಲವ್ವ ನಾದುವ ಮಶೀನನ್ನೂ ತಂದಳು. ಎರಡು ತಿಂಗಳು ವ್ಯಾನು ಹೂವಿನ ಹಾಗೆ ಓಡಿತು.

ಮೂರನೆಯ ತಿಂಗಳು, ಜಿಟಿಜಿಟಿ ಮಳೆ ಹಿಡಿದ ಒಂದು ಬೆಳಿಗ್ಗೆ ಫೋನು ಬಂತು. ‘ಯಣ್ಣಾ, ಗಾಡಿ ನಿಂತೈತಿ. ಕಿತ್ತೂರು ಇನ್ನೂ ದೂರ ಐತಿ. ರೊಟ್ಟಿ ಆರಾಕತ್ತಾವ.’ ನಾನು ಮೋಟರ್‌ಸೈಕಲ್ ಹತ್ತಿ ಹೋಗುವಷ್ಟರಲ್ಲಿ ವ್ಯಾನು ತಾನಾಗಿಯೇ ಚಾಲೂ ಆಗಿ, ನೀಲವ್ವ ಮತ್ತೆ ನಿಂತೀತೆಂದು ಹೆದರಿ ಅದರಲ್ಲೇ ಕುಳಿತು ನನಗಾಗಿ ಕಾಯುತ್ತಿದ್ದಳು. ಪೆಟ್ರೋಲ್ ಪಂಪ್ ಇರಬೇಕೆಂದು ಹೊಸದು ಹಾಕಿಸಿದೆ, ಐದೂವರೆ ಸಾವಿರ. ನಾಲ್ಕು ದಿನ ಸರಿ ಹೋಯಿತು. ನಾನು ಮೀಸೆ ತಿರುವಿದೆ. ಐದನೆಯ ದಿನ ಮತ್ತೆ ನಿಂತಿತು. ಕಿಡಿ ಕೊಡುವ ಕಾಯಿಲ್ ಬದಲಿಸಿದೆ, ಮೂರೂವರೆ ಸಾವಿರ. ಮತ್ತೆ ನಿಂತಿತು. ಎರಡೂ ಸಲ ರೊಕ್ಕ ಕೊಟ್ಟವಳು ನೀಲವ್ವ.

ಈಗಿನ ಪದ್ಧತಿಯಂತೆ ನೋಡೋಣವೆಂದು ಧಾರವಾಡದಲ್ಲಿ ಸ್ಕ್ಯಾನರ್ ಇಟ್ಟವನ ಹತ್ತಿರ ಒಯ್ದೆವು. ವ್ಯಾನಿಗೆ ವೈರು ಚುಚ್ಚಿ ಪರದೆ ನೋಡಿದ. ಒಂದು ಸಲ ಒಂದು ಸೆನ್ಸರ್ ಕೆಟ್ಟಿದೆ ಎಂದಿತು, ಇನ್ನೊಂದು ಸಲ ಬೇರೆಯದು. ‘ಮಶೀನಿಗೇ ಗೊಂದಲ ಆಗೈತ್ರಿ ಕಾಕಾ’ ಎಂದ. ಸ್ಕ್ಯಾನರನ್ನು ನಾನು ಹೀಯಾಳಿಸುವುದಿಲ್ಲ. ಅಷ್ಟು ಕಡೆಯಿಂದ ದೂರು ಬಂದರೆ ದೂರು ಹೊತ್ತು ತರುವ ವೈರೇ ಕೆಟ್ಟಿರಬೇಕು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಖಾನಾವಳಿಯ ಮಾಲಕ ಎರಡು ಸಲ ತಡೆದುಕೊಂಡ. ಮೂರನೆಯ ಸಲ ನಾನೇ ನೀಲವ್ವನ ಜೊತೆ ಹೋಗಿದ್ದೆ. ಎಲೆ ಹಾಕಿಸಿಕೊಂಡ ಗಿರಾಕಿಗಳ ಎದುರೇ ಹೇಳಿದ: ‘ಅಕ್ಕಾರ, ನಿಮ್ಮ ರೊಟ್ಟಿ ಭಾಳ ಚಲೋ ಅದಾವ. ಆದ್ರ ಹನ್ನೆರಡಕ್ಕ ಬರೂ ಚಲೋ ರೊಟ್ಟಿ ತಗೊಂಡ ನಾ ಏನ ಮಾಡ್ಲಿ? ಇನ್ನೊಂದ ಸಲ ಹಿಂಗಾತಂದ್ರ ಬ್ಯಾರೇದವರಿಗೆ ಹೇಳತೇನಿ.’

ನೀಲವ್ವ ವ್ಯಾನಿನಲ್ಲಿ ಕುಳಿತ ಮೇಲೆ ಅಂದಳು: ‘ನನ್ನ ಹೊಟ್ಟಿ ಹೆಂಗರ ನಡೀತೇತಿ. ಆ ಏಳು ಮಂದಿಗೆ ನಾಳೆ ಬರಬ್ಯಾಡ್ರಿ ಅಂತ ಹೆಂಗ ಹೇಳೂದ ಯಣ್ಣಾ?’

‘ನಿಂತ್ರ ನಾ ಅದೇನಿ’ ಎಂದವನಿಗೆ ಆ ಮಾತು ಆಗ ನೆನಪಾಯಿತು.

ಸ್ವಲ್ಪ ದೂರ ಬಂದ ಮೇಲೆ ಅವಳೇ ಮತ್ತೆ ಅಂದಳು: ‘ಒಂದ ಮಾತ ಹೇಳ್ತೇನಿ, ನಗಬ್ಯಾಡ್ರಿ. ಕಟಕ್ ರೊಟ್ಟಿ ಹಾಕಿದ ದಿನ ಇದು ನಿಲ್ಲಂಗಿಲ್ಲ. ಮೆದು ರೊಟ್ಟಿ ಹಾಕಿದ ದಿನಾನ ನಿಲ್ಲತೇತಿ.’

ನಾನು ನಕ್ಕೆ. ‘ಗಾಡಿಗೂ ರೊಟ್ಟಿ ರುಚಿ ಹತ್ತೇತೇನ ಯವ್ವಾ?’

‘ಅದಕ್ಕ ನಗಬ್ಯಾಡ್ರಿ ಅಂದೆ’ ಎಂದು ಮುಖ ತಿರುಗಿಸಿದಳು.

ಹೊಸಬರೇ, ಗಾಡಿ ಓಡಿಸುವವರು ಹೇಳುವುದಕ್ಕೆ ಎಂದೂ ನಗಬೇಡಿ. ಕಾರಣ ಅವರಿಗೆ ಗೊತ್ತಿರಲಿಕ್ಕಿಲ್ಲ, ಆದರೆ ಕಂಡದ್ದು ಸುಳ್ಳಾಗಿರುವುದಿಲ್ಲ. ರಾತ್ರಿ ನಿದ್ದೆ ಹತ್ತದೆ ಅವಳ ರೊಟ್ಟಿಯ ಲೆಕ್ಕದ ವಹಿಯನ್ನು ಮರುದಿನ ತರಿಸಿ, ಗಾಡಿ ನಿಂತ ದಿನಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಕಿತ್ತೂರಿಗೆ ತಡವಾದದ್ದು ಮೂರು ಸಲ, ಗಾಡಿ ನಿಂತದ್ದು ಆರು ಸಲ. ಆರೂ ದಿನ ಮೆದು ರೊಟ್ಟಿ.

ಮೆದು ರೊಟ್ಟಿಗೂ ಕಟಕ್ ರೊಟ್ಟಿಗೂ ಏನು ವ್ಯತ್ಯಾಸ? ಕಟಕ್ ರೊಟ್ಟಿ ಒಣಗಿರುತ್ತದೆ. ಮೆದುವಿನದು ಹಂಚಿನಿಂದ ಇಳಿಸಿ ಅರಿವೆಯಲ್ಲಿ ಸುತ್ತಿದ್ದು, ಹಬೆ ಬಿಡುತ್ತಲೇ ಇರುತ್ತದೆ. ಮಳೆಗೆ ಗಾಜು ಏರಿಸಿದ ವ್ಯಾನಿನೊಳಗೆ ಆರುನೂರು ರೊಟ್ಟಿಯ ಹಬೆ! ಅದು ತಣ್ಣನೆಯ ತಗಡಿಗೆ ತಾಗಿ ನೀರಾಗಿ, ಗೋಡೆಗುಂಟ ಇಳಿದು, ಮ್ಯಾಟಿನ ಕೆಳಗೆ ಸೇರಬೇಕು. ಆದರೂ ಚೊಕ್ಕ ಗಾಡಿಯಲ್ಲಿ ಅಷ್ಟು ನೀರು ಒಂದು ಗಾಳಿಗೆ ಆರಿಹೋಗುತ್ತದೆ. ಇದರಲ್ಲಿ ಯಾಕೆ ಆರುತ್ತಿಲ್ಲ?

ಅಂಗಳದಲ್ಲಿ ವ್ಯಾನು ನಿಲ್ಲಿಸಿ ಸೀಟು ಬಿಚ್ಚಿ ಮ್ಯಾಟನ್ನು ಈ ತುದಿಯಿಂದ ಆ ತುದಿಗೆ ಕಿತ್ತು ತೆಗೆದೆ. ಹಳದಿ ಪುಡಿ ನೆಂದು ಕೆಸರಾಗಿ ವೈರಿನ ಕಟ್ಟನ್ನು ಮೆತ್ತಿಕೊಂಡಿತ್ತು. ‘ಇಷ್ಟ ಭಂಡಾರ ಯಾರ ಹಾಕ್ತಾರ?’ ಎನ್ನುತ್ತ ಒಂದು ಕಡೆ ತಳದವರೆಗೆ ಕೆರೆದೆ.

ನೀಲವ್ವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಎಲೆ ಅಡಿಕೆ ಮಡಚುತ್ತಿದ್ದಳು. ಬೆರಳಿಗೆ ಸುಣ್ಣ ಹತ್ತಿತ್ತು. ಆ ಬೆರಳನ್ನೇ ಚಾಚಿ ಮೇಲಿನ ಹಳದಿಗೆ ಒರೆಸಿದಳು. ಆರತಿ ತಟ್ಟೆಯ ನೀರಿನಂತೆ ಕೆಂಪಗಾಯಿತು. ‘ಇದು ಭಂಡಾರ ಹೌದ್ರಿ’ ಎಂದಳು. ಮತ್ತೊಂದಿಷ್ಟು ಸುಣ್ಣ ತೆಗೆದು, ನಾನು ಕೆರೆದ ಗುಂಡಿಯಲ್ಲಿ ತಳಕ್ಕೆ ಹತ್ತಿದ್ದಕ್ಕೆ ಒರೆಸಿದಳು. ಕೆಂಪಾಗಲಿಲ್ಲ. ಮಣ್ಣಿನ ಬಣ್ಣದಲ್ಲೇ ಉಳಿಯಿತು.

‘ಯಣ್ಣಾ, ತಳಗಿಂದು ಭಂಡಾರಲ್ಲ. ಮಣ್ಣು.’

ಬೆರಳಲ್ಲಿ ತಿಕ್ಕಿ ನೋಡಿದೆ. ಹಿಟ್ಟಿನಂತೆ ನುಣ್ಣಗಿತ್ತು. ಹೊಳೆ ಹೊರತು ಬೇರೆ ಯಾವುದೂ ಅಷ್ಟು ನುಣ್ಣಗೆ ಮಣ್ಣು ಬೀಸುವುದಿಲ್ಲ. ಹಬೆಯ ನೀರನ್ನು ಆರಗೊಡದೆ ಹಿಡಿದಿಟ್ಟದ್ದು ಇದೇ. ವೈರಿನ ಸುತ್ತಿನ ಟೇಪು ಸೀಳಿದೆ, ತಾಮ್ರವೆಲ್ಲ ಹಸಿರುಗಟ್ಟಿತ್ತು. ಪಂಪಿಗೆ ಹೋಗುವ ವೈರಿನ ಜೋಡಣೆ ಕೈಯಲ್ಲೇ ಉದುರಿತು. ಪಂಪು ಬದಲಿಸುವಾಗ ಅದು ಅಲುಗಾಡಿದ್ದಕ್ಕೇ ನಾಲ್ಕು ದಿನ ಸರಿಯಾಗಿತ್ತು, ನನ್ನ ಜಾಣತನಕ್ಕಲ್ಲ.

ಅದೇ ವಾರ ರಾಮದುರ್ಗಕ್ಕೆ ಹೋದೆವು. ಮಲ್ಲೇಶಪ್ಪನವರ ಮೇಲೆ ಹಾಯ್ದು ಬೀಳಬೇಕೆಂದೇ ಹೋದವನು ನಾನು. ಅವರು ಕೂರಿಸಿ ನೀರು ಕೊಟ್ಟರು.

‘ಗಾಡಿ ನೀರಾಗ ಮುಣಗಿತ್ತೇನ್ರಿ?’ ಎಂದೆ.

‘ಮುಣಗಿತ್ತಲ್ಲರಿ’ ಎಂದರು, ಏನೂ ಮುಚ್ಚದೆ. ‘ಮಲಪ್ರಭಾ ಓಣಿಗೆ ಬಂದಾಗ ಎರಡ ದಿನ ಸೀಟಿನ ಮಟಾ ನೀರಿತ್ತು. ತೊಳಸಿದ್ವಿ, ಚಾಲೂ ಆತು. ಗಾಡಿ ಉಳದ್ರ ಭಂಡಾರ ಹಾರಸ್ತೇನಿ ಅಂತ ನಮ್ಮ ಮನಿಯಾಕಿ ಹರಕಿ ಹೊತ್ತಿದ್ಲು. ಅದಕ್ಕ ಗುಡ್ಡಕ್ಕ ಒಯ್ದಿದ್ವಿ.’

‘ನನಗ ಯಾಕ ಹೇಳಲಿಲ್ಲ?’

‘ಏನಿದು ಅಂದ್ರಿ, ಭಂಡಾರ ಅಂದೆ. ಯಾಕ ಹಾಕೀರಿ ಅಂತ ಕೇಳಿದ್ರ ಹೇಳತಿದ್ದೆ. ನೀವು ಹಣಿಗೆ ಹಚ್ಚಿಕೊಂಡ್ರಿ, ಎರಡ ಸಾವಿರ ಬಿಡ್ರಿ ಅಂದ್ರಿ. ಎಲ್ಲಾ ತಿಳದ ಕೇಳಾಕತ್ತಾರ ಅಂತ ನಾ ಬಿಟ್ಟೆ.’

ಅವರು ಪೂರ್ತಿ ನಿಜ ಹೇಳಿದರೋ, ಅರ್ಧ ಹೇಳಿದರೋ, ಇಂದಿಗೂ ನನಗೆ ತಿಳಿಯದು. ಆದರೆ ನಾನು ಕೇಳಿರಲಿಲ್ಲ ಎಂಬುದಂತೂ ನಿಜವೇ. ಜಗಳಕ್ಕೆ ಬಂದವನು ಚಹಾ ಕುಡಿದು ಎದ್ದೆ.

ಹಿಂದಿರುಗುವಾಗ ಸವದತ್ತಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಗುಡ್ಡದಿಂದ ಇಳಿದು ಬರುವ ಗಾಡಿಗಳ ಬಾನೆಟ್ಟೆಲ್ಲ ಹಳದಿ. ಇಷ್ಟು ವರ್ಷ ಹಳದಿಯನ್ನಷ್ಟೇ ನೋಡಿದ್ದೆ. ಅವತ್ತು ಒಂದೊಂದನ್ನೂ ನೋಡುತ್ತ, ಇದು ಹೊಸದಕ್ಕೆ ಹಾಕಿದ್ದೋ, ಅಪಘಾತದಿಂದ ಪಾರಾದದ್ದಕ್ಕೋ, ನೀರಿನಿಂದ ಎದ್ದು ಬಂದದ್ದಕ್ಕೋ ಎಂದು ಯೋಚಿಸುತ್ತ ನಿಂತೆ.

ಬೈಲಹೊಂಗಲಕ್ಕೆ ಬಂದ ಮೇಲೆ ದಲಾಲಿಯೊಬ್ಬ ಕಿವಿಯಲ್ಲಿ ಊದಿದ: ‘ಮಿಸ್ತ್ರಿ, ಮ್ಯಾಟ್ ಹಾಸಿಬಿಡ್ರಿ, ಭಂಡಾರ ಹಂಗ ಇರ್ಲಿ. ಒಂದು ಎಪ್ಪತ್ತಕ್ಕ ನಾ ಮಾರಿ ಕೊಡತೇನಿ.’ ನಾನು ನೀಲವ್ವನ ಕಡೆ ನೋಡಿದೆ. ಅವಳು ‘ಅಮ್ಮನ್ನ ಒಂದ ಸಲ ಮಾರೀವಿ, ಸಾಕು’ ಎಂದಳು. ಆ ‘ಮಾರೀವಿ’ ಎಂಬುದರಲ್ಲಿ ನನ್ನನ್ನೂ ಸೇರಿಸಿದ್ದಳು.

ನಾನು ಅವಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ನೀರಲ್ಲಿ ನಿಂತ ಗಾಡಿಗೆ ರೊಕ್ಕ ಹಾಕಬೇಡಿ ಎಂದು ಊರಿಗೆಲ್ಲ ಹೇಳಿದವನು ನಾನು. ಹೊಸದೇ ಬೇಕೆಂದರೆ ಇದನ್ನು ನಿಜ ಹೇಳಿ ಬಂದ ಬೆಲೆಗೆ ಮಾರಿ, ಕಡಿಮೆ ಬಿದ್ದದ್ದನ್ನು ನಾನು ಹಾಕುತ್ತೇನೆ ಎಂದೆ.

‘ತಗಡ ಹೆಂಗೈತ್ರಿ?’ ಎಂದು ಕೇಳಿದಳು. ಇದು ನಾನು ಕೇಳಬೇಕಾದ ಪ್ರಶ್ನೆ!

ತಳವನ್ನೆಲ್ಲ ತೊಳೆದು, ಸ್ಕ್ರೂಡ್ರೈವರಿನ ಮೊನೆಯಿಂದ ಗೇಣು ಗೇಣಿಗೆ ಚುಚ್ಚಿ ನೋಡಿದೆ. ಒಂದು ಕಡೆಯೂ ಒಳಗಿಳಿಯಲಿಲ್ಲ. ತಗಡು ಗಟ್ಟಿಯಿತ್ತು, ಎಂಜಿನ್ ಚೊಕ್ಕಟವಿತ್ತು. ಸತ್ತದ್ದು ವೈರಿಂಗ್ ಮಾತ್ರ.

‘ಹೊಸಾ ಗಾಡಿಗೂ ನನ್ನ ಮೆದು ರೊಟ್ಟಿ ಹಬಿ ಹೊಡದ ಹೊಡೀತೇತಿ. ಅದರ ಜಡ್ಡು ಏನಂತ ಹುಡುಕಾಕ ಮತ್ತ ಆರ ತಿಂಗಳ. ಇದರ ಜಡ್ಡು ಗೊತ್ತಾತು. ಇದನ್ನ ಮಾಡ್ರಿ. ವೈರಿನ ಖರ್ಚು ನಿಮ್ಮದು, ಹಬಿ ಹೋಗಾಕ ಮಾಡೂ ಖರ್ಚು ನನ್ನದು’ ಎಂದಳು. ‘ಮತ್ತ ಅಮ್ಮನ ಹೆಸರಲೆ ಎರಡು ಸಾವಿರ ಉಳಸೀರಲ್ಲ, ಅದರಾಗ ನನಗ ವರ್ಷಾನಗಟ್ಟಲೆ ಎಲಿ ಅಡಿಕಿ ಕೊಡಸ್ರಿ.’

ಜೀವನವಿಡೀ ಚೌಕಾಸಿ ಮಾಡಿದವನು ಅವತ್ತು ಅವಳು ಹೇಳಿದ್ದಕ್ಕೆಲ್ಲ ಒಪ್ಪಿದೆ. ಹೊಸ ವೈರಿಂಗು, ಜೋಡಣೆಗಳು, ಕೂಲಿ ಸೇರಿ ಮೂವತ್ತೆರಡು ಸಾವಿರ. ಅವಳಿಂದ ಸುಮ್ಮನೆ ಹಾಕಿಸಿದ ಪಂಪು, ಕಾಯಿಲಿನ ಒಂಬತ್ತು ಸಾವಿರವನ್ನೂ ಮರಳಿಸಿದೆ. ನೀಲವ್ವ ವ್ಯಾನಿನ ಮಾಡಿಗೆ ಎರಡು ಗಾಳಿಕಿಂಡಿ ಕೊರೆಸಿದಳು, ಬುಟ್ಟಿಗಳ ಕೆಳಗೆ ಹಲಗೆ ಹೊಡೆಸಿದಳು. ಎಂಟು ದಿನ ಬಾಡಿಗೆ ಟೆಂಪೋದಲ್ಲಿ ರೊಟ್ಟಿ ಹೋಯಿತು, ಒಂದು ದಿನವೂ ಹನ್ನೊಂದು ದಾಟಲಿಲ್ಲ. ಒಂಬತ್ತನೆಯ ದಿನ ಮಳೆಯಲ್ಲಿ ಆರುನೂರು ಮೆದು ರೊಟ್ಟಿ ಹೇರಿಕೊಂಡು ವ್ಯಾನು ಹೊರಟಿತು. ನಾನು ಪಕ್ಕದಲ್ಲಿ ಕುಳಿತಿದ್ದೆ, ಕಿತ್ತೂರು ಬರುವ ತನಕ ಇಬ್ಬರೂ ಎಂಜಿನ್ನಿನ ಸದ್ದಿಗೇ ಕಿವಿ ಕೊಟ್ಟೆವು. ಖಾನಾವಳಿಯ ಮುಂದೆ ನಿಲ್ಲಿಸಿದಾಗ ಹತ್ತೂವರೆ. ಮಾಲಕ ಗಡಿಯಾರ ನೋಡಿ, ‘ಏನ ಅಕ್ಕಾರ, ಹೊಸಾ ಗಾಡಿ ತಗೊಂಡ್ರೇನ?’ ಎಂದ. ‘ಹೌದ್ರಿ, ಒಳಗಿಂದ ಹೊಸಾದು’ ಎಂದಳು. ಎರಡು ಮಳೆಗಾಲ ಕಳೆದಿವೆ, ಆ ವ್ಯಾನು ಈಗಲೂ ಅದೇ ದಾರಿಯಲ್ಲಿ ಓಡುತ್ತಿದೆ.

ಇನ್ನು ನಿಮಗೆ ಹೇಳುವುದು ಇಷ್ಟು. ಹಳೆ ಗಾಡಿಯ ತಗಡು ಗಟ್ಟಿಯಿದ್ದು, ಜಡ್ಡು ಯಾವುದೆಂದು ಬೆರಳಿಟ್ಟು ತೋರಿಸಲು ಬಂದರೆ ರಿಪೇರಿ ಮಾಡಿಸಿ. ತಗಡಿನಲ್ಲಿ ಸ್ಕ್ರೂಡ್ರೈವರ್ ಇಳಿದರೆ, ಅಥವಾ ಮೂರು ಭಾಗ ಬದಲಿಸಿದ ಮೇಲೂ ಮಿಸ್ತ್ರಿ ‘ಇರಬಹುದು’ ಎನ್ನುತ್ತಿದ್ದರೆ, ಆ ರೊಕ್ಕವನ್ನು ಹೊಸದಕ್ಕೆ ಹಾಕಿ. ನೋಡಲು ಹೋಗುವಾಗ ಒಂದು ಬ್ಯಾಟರಿ ಟಾರ್ಚು, ಒಂದು ಸ್ಕ್ರೂಡ್ರೈವರ್, ಒಂದು ಸುಣ್ಣದ ಡಬ್ಬಿ ಜೇಬಿನಲ್ಲಿರಲಿ. ಮ್ಯಾಟನ್ನು ಅಂಚಿನಲ್ಲಿ ಎತ್ತಿ ಬಿಡಬೇಡಿ, ಪೂರ್ತಿ ತೆಗೆಸಿ. ಸುಣ್ಣವನ್ನು ಮೇಲಿನ ಪುಡಿಗೆ ಹಚ್ಚಿ ಸಮಾಧಾನಪಡಬೇಡಿ, ತಳ ಕೆರೆದು ಹಚ್ಚಿ. ಮಾರುವವರು ಭಂಡಾರ ಎಂದರೆ ಕೈ ಮುಗಿಯಿರಿ, ಹಣೆಗೂ ಹಚ್ಚಿಕೊಳ್ಳಿ, ತಪ್ಪಿಲ್ಲ. ಹಚ್ಚಿಕೊಂಡಾದ ಮೇಲೆ, ಬೆಲೆಯ ಮಾತು ಎತ್ತುವ ಮೊದಲು, ಮೆತ್ತಗೆ ಒಂದು ಮಾತು ಕೇಳಿ: ‘ಹರಕಿ ಏನಿತ್ತ್ರಿ?’